‘ಮಿಷನ್ ನೋಡ್ತೀರ, ನನ್ನ ಮುಖ ನೋಡಲ್ಲ’: ಹೈ ರಿಸ್ಕ್ ಬಸಿರಿನಲ್ಲಿ ಗಂಡನ ಪಾಲು

ಪ್ರಶ್ನೆ: ನನಗೆ 36 ವರ್ಷ, ನನ್ನ ಹೆಂಡತಿಗೆ 33. ಈಗ ಅವಳಿಗೆ 26 ವಾರ ತುಂಬಿದೆ. ನಾಲ್ಕು ವರ್ಷದ ಹಿಂದೆ ಮೊದಲ ಹೆರಿಗೆಯಲ್ಲಿ 33ನೇ ವಾರಕ್ಕೇ ಬಿಪಿ ವಿಪರೀತ ಏರಿ, ರಾತ್ರೋರಾತ್ರಿ ಸಿಸೇರಿಯನ್ ಮಾಡಿದರು. ಮಗಳು ಮೂರು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಳು, ಈಗ ಚೆನ್ನಾಗಿದ್ದಾಳೆ. ಈ ಸಲ ಡಾಕ್ಟರು ಮೊದಲೇ ‘ಹೈ ರಿಸ್ಕ್’ ಅಂದು 12ನೇ ವಾರದಿಂದ ಆಸ್ಪಿರಿನ್ ಕೊಟ್ಟಿದ್ದಾರೆ. ಎರಡು ವಾರದಿಂದ ಬಿಪಿ 140/90ರ ಆಸುಪಾಸು ಬರ್ತಿದೆ, ಮಾತ್ರೆ ಶುರುವಾಗಿದೆ. ಮೂತ್ರ, ರಕ್ತದ ಪರೀಕ್ಷೆ ಸದ್ಯಕ್ಕೆ ಸರಿಯಾಗಿವೆ. ದಿನಕ್ಕೆ ಎರಡು ಸಲ ಬಿಪಿ ನೋಡಿ ಅಂದಿದ್ದಾರೆ. ನಾನು ಆರೇಳು ಸಲ ನೋಡ್ತೀನಿ, ಫೋನಿನಲ್ಲಿ ಬರೆದಿಡ್ತೀನಿ. ಮೆಟ್ಟಿಲು ಹತ್ತಬೇಡ, ಮಲಗಿಕೋ, ಕೆಲಸಕ್ಕೆ ರಜೆ ಹಾಕು ಅಂತ ನಾನೂ ನಮ್ಮಮ್ಮನೂ ಹೇಳ್ತಾನೇ ಇರ್ತೀವಿ. ಕಳೆದ ವಾರ ಅವಳು ತೋಳಿನ ಪಟ್ಟಿ ಕಿತ್ತೆಸೆದು, ‘ನೀವು ಮಿಷನ್ ನೋಡ್ತೀರ, ನನ್ನ ಮುಖ ನೋಡಲ್ಲ’ ಅಂದಳು. ಅಳೋಕೆ ಶುರು ಮಾಡಿದಳು. ‘ಏನೂ ಆಗಲ್ಲ ಬಿಡು’ ಅಂದೆ. ಇನ್ನೂ ಜೋರಾಗಿ ಅತ್ತಳು. ನನಗೂ ರಾತ್ರಿ ನಿದ್ದೆ ಇಲ್ಲ. ನಾನು ಎಲ್ಲಿ ತಪ್ತಾ ಇದ್ದೀನಿ?

ಉತ್ತರ: ‘ಏನೂ ಆಗಲ್ಲ’ ಅನ್ನುವ ಮಾತನ್ನು ನೀವು ಯಾರಿಗೆ ಹೇಳಿದಿರಿ, ಒಮ್ಮೆ ಯೋಚಿಸಿ. ಆಗಬಾರದ್ದು ಒಮ್ಮೆ ಆಗಿಯೇ ಹೋದವರಿಗೆ. ನಾಲ್ಕು ವರ್ಷದ ಹಿಂದೆಯೂ ಅವರಿಗೆ ಯಾರೋ ಇದೇ ಮಾತು ಹೇಳಿರುತ್ತಾರೆ, ಅದಾದ ಕೆಲವೇ ದಿನಕ್ಕೆ ಅವರು ಆಪರೇಷನ್ ಟೇಬಲ್ ಮೇಲಿದ್ದರು. ಅವರ ಕಿವಿಗೆ ‘ಏನೂ ಆಗಲ್ಲ’ ಎಂದರೆ ‘ಈ ಮಾತು ಇಲ್ಲಿಗೆ ಸಾಕು’ ಎಂದು ಕೇಳಿಸುತ್ತದೆ. ಬಾಗಿಲು ಮುಚ್ಚಿದ ಹಾಗೆ. ‘ನನಗೂ ಹೆದರಿಕೆ ಆಗ್ತಿದೆ. ಹೋದ ಸಲದ್ದು ನಿನಗೆ ನೆನಪಾಗ್ತಾ ಇರುತ್ತಲ್ವಾ?’ ಎಂದು ಕೇಳಿ ನೋಡಿ. ಅಳು ನಿಲ್ಲದೆ ಇರಬಹುದು. ಆದರೆ ಆಮೇಲೆ ಅವರು ಒಬ್ಬರೇ ಕೂತು ಅಳಬೇಕಾಗಿಲ್ಲ.

ನೀವು ತಪ್ಪುತ್ತಿರುವುದು ಪ್ರೀತಿಯಲ್ಲಿ ಅಲ್ಲ, ಪಾಲು ಹಂಚಿಕೊಳ್ಳುವುದರಲ್ಲಿ. ಹೈ ರಿಸ್ಕ್ ಬಸಿರಿನಲ್ಲಿ ಹೆಂಗಸಿನ ಮೇಲೆ ಎರಡು ಬಗೆಯ ಹೊರೆ ಇರುತ್ತದೆ. ಒಂದು ಮೈಯ ಹೊರೆ. ಅದನ್ನು ನೀವು ಎಷ್ಟು ಬಯಸಿದರೂ ಇಳಿಸಿಕೊಳ್ಳಲಾಗದು. ಇನ್ನೊಂದು ತಲೆಯ ಹೊರೆ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ಮುಂದಿನ ಸ್ಕ್ಯಾನ್ ಎಂದು, ರಿಪೋರ್ಟ್ ಎಲ್ಲಿ, ರಾತ್ರಿ ಹೊರಡಬೇಕಾಗಿ ಬಂದರೆ ಮಗಳನ್ನು ಯಾರ ಹತ್ತಿರ ಬಿಡುವುದು, ಮನೆಯವರಿಗೆ ಏನು ಹೇಳುವುದು. ಈ ಎರಡನೆಯದನ್ನು ಪೂರ್ತಿಯಾಗಿ ಹೆಗಲಿಗೆ ಹಾಕಿಕೊಳ್ಳಬಹುದು. ನೀವು ಇದನ್ನು ಅವರಿಗೇ ಬಿಟ್ಟು ಮೈಯ ಹೊರೆಗೆ ಕೈ ಹಾಕಿದ್ದೀರಿ: ಏಳಬೇಡ, ಹತ್ತಬೇಡ, ತೋಳು ಚಾಚು. ಡಾಕ್ಟರಾದ ನನ್ನ ಕೋಣೆಗೆ ಬರುವ ಗಂಡಂದಿರಲ್ಲಿ ಬಹಳ ಮಂದಿ ಹೀಗೇ ಮಾಡುತ್ತಾರೆ, ಅದೂ ಒಳ್ಳೆಯವರೇ ಹೆಚ್ಚು. ಏನೂ ತಲೆಗೆ ಹಚ್ಚಿಕೊಳ್ಳದ ಗಂಡನಿಗೆ ಈ ತೊಂದರೆಯೇ ಬರುವುದಿಲ್ಲ.

ಈಗ ಬಿಪಿಯ ವಿಷಯ. ಇದರ ಬೇರು ಗೊತ್ತಾದರೆ ಮನೆಯ ಅರ್ಧ ಜಗಳ ನಿಲ್ಲುತ್ತದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸು (ಪ್ಲಸೆಂಟಾ) ಗರ್ಭಕೋಶದ ಗೋಡೆಗೆ ಬೇರು ಬಿಡುತ್ತದೆ. ಆಗ ಅಲ್ಲಿನ ಸಣ್ಣ ರಕ್ತನಾಳಗಳು ಅಗಲವಾಗಿ, ಸಡಿಲವಾಗಿ ಮಾಸಿಗೆ ಧಾರಾಳವಾಗಿ ರಕ್ತ ಹರಿಯುವಂತೆ ಆಗಬೇಕು. ಕೆಲವರಲ್ಲಿ ಅವು ಬೇಕಾದಷ್ಟು ಅಗಲವಾಗುವುದಿಲ್ಲ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಬಿಡುತ್ತದೆ, ಅವು ಮೈಯ ಎಲ್ಲ ರಕ್ತನಾಳಗಳ ಒಳಪದರವನ್ನು ಕೆಣಕುತ್ತವೆ. ಬಿಪಿ ಏರುವುದು, ಮೂತ್ರದಲ್ಲಿ ಪ್ರೊಟೀನ್ ಹೋಗುವುದು, ಲಿವರ್ ಮತ್ತು ಪ್ಲೇಟ್‌ಲೆಟ್ ಕೆಡುವುದು, ತಲೆನೋವು, ಕಣ್ಣು ಮಂಜಾಗುವುದು ಎಲ್ಲ ಅದರ ಫಲ. ಇದನ್ನೇ ಪ್ರಿಎಕ್ಲಾಂಪ್ಸಿಯಾ ಎನ್ನುತ್ತೇವೆ. 20 ವಾರದ ನಂತರ, ಕನಿಷ್ಠ ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸಿರಿನ ಬಿಪಿ. ಅದರ ಜೊತೆಗೆ ಮೂತ್ರದಲ್ಲಿ ಪ್ರೊಟೀನ್ ಅಥವಾ ಅಂಗಗಳಿಗೆ ಪೆಟ್ಟು ಕಂಡರೆ ಪ್ರಿಎಕ್ಲಾಂಪ್ಸಿಯಾ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಹೆಂಡತಿ ಸದ್ಯಕ್ಕೆ ಮೊದಲನೆಯದರಲ್ಲಿದ್ದಾರೆ. ಅದು ಎರಡನೆಯದಾಗಿ ತಿರುಗಬಹುದು, ತಿರುಗದೆಯೂ ಇರಬಹುದು. ಅದಕ್ಕಾಗಿಯೇ ಆ ರಕ್ತ, ಮೂತ್ರದ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿಸುವುದು.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಬೇರು ಇಳಿದದ್ದು ಮೊದಲ ತಿಂಗಳುಗಳಲ್ಲಿ. ಅವರು ಮೆಟ್ಟಿಲು ಹತ್ತಿದ್ದರಿಂದ ಅಲ್ಲ, ಕೆಲಸಕ್ಕೆ ಹೋದದ್ದರಿಂದ ಅಲ್ಲ, ಸಿಟ್ಟು ಮಾಡಿಕೊಂಡದ್ದರಿಂದಲೂ ಅಲ್ಲ. ‘ಟೆನ್ಷನ್ ಮಾಡ್ಕೋಬೇಡ, ಬಿಪಿ ಏರುತ್ತೆ’ ಅನ್ನುವ ಮಾತು ಎಲ್ಲ ಮನೆಯಲ್ಲೂ ಕೇಳುತ್ತದೆ. ಕೇಳಿಸಿಕೊಳ್ಳುವವರ ಮನಸ್ಸಿನಲ್ಲಿ ಅದು ‘ಬಿಪಿ ಏರಿದ್ದು ನಿನ್ನಿಂದಲೇ’ ಎಂದು ಇಳಿಯುತ್ತದೆ. ಹೆದರಿಕೆ ಆದಾಗ ಆ ಕ್ಷಣಕ್ಕೆ ಅಂಕಿ ಒಂದಿಷ್ಟು ಏರುವುದು ನಿಜ, ಆದರೆ ರೋಗ ಬಂದದ್ದು ಅದರಿಂದಲ್ಲ. ಈ ವಿವರವನ್ನು ನಿಮ್ಮ ತಾಯಿಗೆ ನೀವೇ ಕೂರಿಸಿಕೊಂಡು ಹೇಳಿ. ಸೊಸೆ ಹೇಳಿದರೆ ಅದು ವಾದವಾಗುತ್ತದೆ.

ಆಸ್ಪಿರಿನ್ ವಿಷಯದಲ್ಲಿ ನಿಮ್ಮ ಡಾಕ್ಟರು ಸರಿಯಾದ ಕೆಲಸವನ್ನು ಸರಿಯಾದ ಹೊತ್ತಿನಲ್ಲಿ ಮಾಡಿದ್ದಾರೆ. ಅಪಾಯ ಹೆಚ್ಚಿರುವ ಗರ್ಭಿಣಿಯರಲ್ಲಿ 16 ವಾರಕ್ಕೆ ಮುಂಚೆಯೇ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡುವುದು ಈಗ ರೂಢಿ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಎಂಬ ಅಧ್ಯಯನದಲ್ಲಿ ದಿನವೂ ರಾತ್ರಿ 150 ಮಿಲಿಗ್ರಾಂ ತೆಗೆದುಕೊಂಡವರಲ್ಲಿ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬರುವಂಥ ಪ್ರಿಎಕ್ಲಾಂಪ್ಸಿಯಾ ಅರ್ಧಕ್ಕಿಂತ ಹೆಚ್ಚು ತಗ್ಗಿತು. ‘ಹೋದ ಸಲದ ಹಾಗೇ ಆಗುತ್ತೆ’ ಎಂದು ಅವರು ಅಂದಾಗ, ಹೋದ ಸಲ ಇಲ್ಲದ್ದು ಈ ಸಲ ಏನೇನಿದೆ ಎಂದು ಇಬ್ಬರೂ ಎಣಿಸಬಹುದು. ಆಸ್ಪಿರಿನ್ ಇದೆ, ಬೇಗ ಶುರುವಾದ ಮಾತ್ರೆ ಇದೆ, ಮೊದಲೇ ಎಚ್ಚೆತ್ತ ಡಾಕ್ಟರಿದ್ದಾರೆ. ಬರೀ ಸಮಾಧಾನಕ್ಕಿಂತ ಈ ಲೆಕ್ಕ ಹೆಚ್ಚು ಹಿಡಿಸುತ್ತದೆ.

ಇನ್ನು ನಿಮ್ಮ ಮಿಷನ್. ದಿನಕ್ಕೆ ಎರಡು ಸಲ ಎಂದರೆ ಎರಡೇ ಸಲ. ಆರೇಳು ಸಲ ನೋಡಿದರೆ ಆರೇಳು ಬೇರೆ ಬೇರೆ ಅಂಕಿ ಬರುತ್ತವೆ. ಅದರಲ್ಲಿ ಎರಡು ನಿಮ್ಮನ್ನು ಹೆದರಿಸುತ್ತವೆ, ಹೆದರಿಕೆಯಲ್ಲಿ ಮತ್ತೆ ನೋಡುತ್ತೀರಿ. ಆರು ಅರೆಬರೆ ಅಂಕಿಗಿಂತ ಎರಡು ಸರಿಯಾದ ಅಂಕಿ ಡಾಕ್ಟರಿಗೆ ಉಪಯೋಗ. ಕಾಫಿ, ಟೀ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬಟ್ಟೆಯ ಮೇಲಲ್ಲ, ಬರಿ ತೋಳಿಗೆ, ತೋಳಿನ ಸುತ್ತಳತೆಗೆ ಒಪ್ಪುವಂಥದ್ದು. ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳೇ ಏರುತ್ತದೆ. ನೋಡುವಾಗ ಮಾತು ಬೇಡ. ಹೀಗೆ ಕೂತ ಪ್ರತಿ ಸಲವೂ ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆಯಿರಿ. ಮಣಿಕಟ್ಟಿಗೆ ಕಟ್ಟುವ ಮಿಷನ್ ಇದಕ್ಕೆ ಬೇಡ. ಮುಂದಿನ ಭೇಟಿಗೆ ನಿಮ್ಮ ಮಿಷನನ್ನು ಜೊತೆಗೆ ಒಯ್ದು ಆಸ್ಪತ್ರೆಯದರ ಜೊತೆ ಹೋಲಿಸಿ. ಎಲ್ಲಕ್ಕಿಂತ ಮುಖ್ಯ, ಯಾವ ಹೊತ್ತಿಗೆ ನೋಡಬೇಕು ಎಂದು ನಿಮ್ಮ ಹೆಂಡತಿಯೇ ಗೊತ್ತು ಮಾಡಲಿ, ಪಟ್ಟಿ ಅವರೇ ಕಟ್ಟಿಕೊಳ್ಳಲಿ, ನೀವು ಬರೆದುಕೊಳ್ಳಿ. ಮುಗಿದ ಮೇಲೆ ಮಿಷನ್ ಕಪಾಟಿಗೆ ಹೋಗಲಿ. ಮಂಚದ ಪಕ್ಕ ಬೇಡ.

ಮಾತ್ರೆಯ ಬಗ್ಗೆ ಎರಡು ಎಚ್ಚರ. ಅಂಕಿ 120ಕ್ಕೆ ಇಳಿಯಿತೆಂದು ‘ಇವತ್ತು ಬೇಡ ಬಿಡು’ ಎಂದು ನಿಲ್ಲಿಸಬೇಡಿ, ಇಳಿದದ್ದು ಮಾತ್ರೆಯಿಂದಲೇ. ಹಾಗೆಯೇ ಮನೆಯಲ್ಲಿ ಹಿರಿಯರ ಬಿಪಿ ಮಾತ್ರೆ ಇದೆಯೆಂದು ಅದನ್ನು ಕೊಡಬೇಡಿ. ಬಸಿರಿನಲ್ಲಿ ನಾವು ಸಾಮಾನ್ಯವಾಗಿ ಬರೆದುಕೊಡುವುದು ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ. ಎನಾಲಾಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್‌ನಂಥವು ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಕೇಡು.

ಯಾವಾಗ ಹೆದರಬೇಕು? ಇದಕ್ಕೆ ಗಡಿ ಗೊತ್ತಿದ್ದರೆ ಉಳಿದ ಹೊತ್ತಿನಲ್ಲಿ ಹೆದರದೆ ಇರಬಹುದು, ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿತೆಂದರೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಹದಿನೈದು ನಿಮಿಷದಲ್ಲಿ ಇನ್ನೊಮ್ಮೆ ನೋಡಿ. ಆ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಸಿದ್ಧವಾಗಿರಿ. ಎರಡನೇ ಸಲವೂ ಹಾಗೇ ಇದ್ದರೆ ಹೊರಟುಬಿಡಿ. ಅಂಕಿ ಎಷ್ಟೇ ಇರಲಿ, ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಮಂಜು, ಪಕ್ಕೆಲುಬಿನ ಕೆಳಗೆ ಬಲಗಡೆಯೋ ಹೊಟ್ಟೆಯ ಮೇಲ್ಭಾಗದಲ್ಲೋ ನೋವು, ಉಸಿರುಕಟ್ಟುವುದು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು ಕಂಡರೆ ಮಿಷನ್ ತೆಗೆಯುವ ಗೋಜಿಗೇ ಹೋಗಬೇಡಿ, ಹೊರಡಿ. ಆ ಮೇಲ್ಹೊಟ್ಟೆಯ ನೋವಿನ ಬಗ್ಗೆ ಇನ್ನೊಂದು ಮಾತು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮಾತ್ರೆ ನುಂಗಿ ರಾತ್ರಿ ಕಳೆದು ಬೆಳಿಗ್ಗೆ ಬಂದವರನ್ನು ನಾನು ಕಂಡಿದ್ದೇನೆ, ಆ ಹೊತ್ತಿಗೆ ಲಿವರ್ ಪರೀಕ್ಷೆ ಪೂರಾ ಏರುಪೇರಾಗಿರುತ್ತದೆ. ರಕ್ತಸ್ರಾವ, ಅಥವಾ ಹೊಟ್ಟೆ ಕಲ್ಲಿನ ಹಾಗೆ ಬಿಗಿದು ಸಡಿಲವಾಗದೆ ನೋಯುವುದು, ಇದೂ ಕಾಯುವಂಥದ್ದಲ್ಲ. ಮಾಸು ಕಳಚಿಕೊಳ್ಳುತ್ತಿದ್ದರೆ ರಕ್ತ ಕೆಲವೊಮ್ಮೆ ಹೊರಗೆ ಕಾಣುವುದೇ ಇಲ್ಲ.

ಮಗು ಒದೆಯುವ ಲೆಕ್ಕ ಇನ್ನೆರಡು ವಾರದಲ್ಲಿ ಶುರುವಾಗುತ್ತದೆ. 28 ವಾರದ ಹೊತ್ತಿಗೆ ಪ್ರತಿ ಮಗುವಿಗೂ ತನ್ನದೇ ಒಂದು ರೀತಿ ಬಂದಿರುತ್ತದೆ. ಅದು ಗೊತ್ತಿರುವುದು ತಾಯಿಗೆ ಮಾತ್ರ. ‘ಇವತ್ತು ಎಂದಿನ ಹಾಗಿಲ್ಲ’ ಎಂದು ಅವರು ಅಂದರೆ ಅದೇ ಪರೀಕ್ಷೆಯ ಫಲಿತಾಂಶ. ‘ನಿನ್ನ ಭ್ರಮೆ’, ‘ಬೆಳಿಗ್ಗೆ ನೋಡೋಣ’ ಎನ್ನದೆ ಕರೆದುಕೊಂಡು ಹೋಗಿ. ಹತ್ತು ಸಲ ಸುಮ್ಮನೆ ಹೋಗಿ ಬಂದರೂ ಆಸ್ಪತ್ರೆಯಲ್ಲಿ ಯಾರೂ ಬೈಯಬಾರದು; ಬೈದರೆ ಅದು ಅವರ ತಪ್ಪು. ನಿಮ್ಮಂಥವರು ಮನೆಯಲ್ಲೇ ಮಗುವಿನ ಎದೆಬಡಿತ ಕೇಳುವ ಯಂತ್ರ ತರಿಸುತ್ತಾರೆಂದು ನನಗೆ ಅನುಭವದಿಂದ ಗೊತ್ತು. ತರಿಸಬೇಡಿ. ತೊಂದರೆಯಲ್ಲಿರುವ ಮಗುವಿನ ಎದೆಯೂ ಬಡಿಯುತ್ತಿರುತ್ತದೆ. ಆ ಸದ್ದು ಕೇಳಿ ನಿಶ್ಚಿಂತೆಯಾಗಿ ಮಲಗಿಬಿಡುವುದೇ ಅಪಾಯ.

ಈಗ ಮಲಗಿಸುವ ವಿಷಯ. ಹಿಂದೆ ನಾವೇ, ಡಾಕ್ಟರುಗಳೇ, ಹೈ ರಿಸ್ಕ್ ಎಂದ ಕೂಡಲೇ ‘ಬೆಡ್ ರೆಸ್ಟ್’ ಬರೆಯುತ್ತಿದ್ದೆವು. ಹಾಗಾಗಿ ನಿಮ್ಮ ತಾಯಿ ಹೇಳುವುದರಲ್ಲಿ ಅವರ ತಪ್ಪಿಲ್ಲ. ಆದರೆ ಹಾಸಿಗೆಯಲ್ಲೇ ಇರಿಸಿದರೆ ಬಿಪಿಯ ತೊಡಕು ತಪ್ಪುತ್ತದೆ, ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಕೇಡು ಮಾತ್ರ ಕಂಡಿತು: ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಸ್ನಾಯು ಸೊರಗುವುದು, ಮೂಳೆ ಸವೆಯುವುದು, ಮನಸ್ಸು ಕುಸಿಯುವುದು. ಆದ್ದರಿಂದ ಈಗ ಅದನ್ನು ವಾಡಿಕೆಯಂತೆ ಬರೆದುಕೊಡುವುದಿಲ್ಲ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದು ರಕ್ತ ಹೋಗುತ್ತಿರುವವರಿಗೋ, ಗರ್ಭಕಂಠದ ಉದ್ದ ಕಡಿಮೆಯಾದವರಿಗೋ ಓಡಾಟದಲ್ಲಿ ಕೆಲವು ಮಿತಿ ಹೇಳುತ್ತೇವೆ. ಅದು ಬೇರೆ ವಿಷಯ, ಅವರವರ ಡಾಕ್ಟರನ್ನು ಕೇಳಿಯೇ ಆಗಬೇಕು. ನಿಮ್ಮ ಹೆಂಡತಿ ನಡೆಯಬಹುದೇ, ಕೆಲಸ ಮುಂದುವರಿಸಬಹುದೇ, ಎಷ್ಟು ಗಂಟೆ, ಎಂದು ಮುಂದಿನ ಭೇಟಿಯಲ್ಲಿ ನೇರವಾಗಿ ಕೇಳಿ. ಡಾಕ್ಟರು ಬೇಡ ಎನ್ನದ ಕೆಲಸವನ್ನು ನೀವು ಬೇಡ ಎನ್ನಬೇಡಿ. ದಿನಕ್ಕೆ ಎಂಟು ಗಂಟೆ ‘ಹೈ ರಿಸ್ಕ್’ ಅನ್ನುವ ಪದ ನೆನಪಾಗದ ಜಾಗ ಅವರಿಗೆ ಬಹುಶಃ ಅದೊಂದೇ ಇರಬಹುದು.

ಮನೆಗೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಮಾತು: ‘ಏನು ಮಾಡಲಿ ಹೇಳು’ ಎಂದು ಕೇಳಬೇಡಿ. ಹೇಳುವುದೂ ಒಂದು ಕೆಲಸ. ಇಂಥಿಂಥ ಕೆಲಸ ಇನ್ನು ಮೇಲೆ ನನ್ನದು ಎಂದು ಬೇರಿನಿಂದ ತುದಿಯವರೆಗೆ ತೆಗೆದುಕೊಳ್ಳಿ. ಮಗಳನ್ನು ಎಬ್ಬಿಸಿ ಸ್ಕೂಲಿಗೆ ಕಳಿಸುವುದು ನಿಮ್ಮದು ಎಂದರೆ, ಅವಳ ಸಾಕ್ಸ್ ಎಲ್ಲಿ ಎಂದು ಕೇಳುವ ಹಕ್ಕೂ ನಿಮಗಿಲ್ಲ. ನೀವು ಬಾಚಿದ ಜಡೆ ಸೊಟ್ಟಗಿರಬಹುದು. ಇರಲಿ.

ಡಾಕ್ಟರ ಕೋಣೆಯಲ್ಲಿ ನಿಮ್ಮ ಕೆಲಸ ನೆನಪಿಟ್ಟುಕೊಳ್ಳುವುದು. ಹೆದರಿದ ಮನಸ್ಸಿಗೆ ಕೇಳಿಸಿಕೊಂಡದ್ದು ಉಳಿಯುವುದಿಲ್ಲ, ಹೊರಗೆ ಬಂದ ಮೇಲೆ ‘ಏನಂದರು?’ ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೀರಿ. ಒಂದು ಸಾದಾ ನೋಟ್‌ಬುಕ್ ಇಡಿ. ಹಿಂದಿನ ರಾತ್ರಿ ನಿಮ್ಮ ಹೆಂಡತಿಯ ಪ್ರಶ್ನೆಗಳನ್ನು ಮೊದಲು ಬರೆಯಿರಿ, ಆಮೇಲೆ ನಿಮ್ಮವು. ಒಳಗೆ ಮೊದಲು ಅವರು ಮಾತಾಡಲಿ. ನಾನು ‘ಹೇಗಿದ್ದೀರಮ್ಮಾ?’ ಎಂದು ಕೇಳಿದಾಗ ಪಕ್ಕದ ಕುರ್ಚಿಯಿಂದ ‘ರಾತ್ರಿ ನಿದ್ದೆ ಇಲ್ಲ ಡಾಕ್ಟ್ರೇ, ಹೇಳಿದ ಮಾತು ಕೇಳಲ್ಲ’ ಎಂದು ಉತ್ತರ ಬರುವುದು ಎಷ್ಟು ಸಲವೋ! ನಾನು ಮತ್ತೆ ಅವರ ಕಡೆಗೇ ತಿರುಗಿ ಕೇಳುತ್ತೇನೆ. ಕೊನೆಗೆ, ಬರೆದುಕೊಂಡದ್ದನ್ನು ಡಾಕ್ಟರ ಎದುರಿಗೇ ಒಮ್ಮೆ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತೇವೆ.

ನಿಮ್ಮ ಪಟ್ಟಿಯಲ್ಲಿ ಇರಲೇಬೇಕಾದ ಕೆಲವು ಪ್ರಶ್ನೆಗಳಿವೆ. ಎಲ್ಲ ಹೀಗೇ ಇದ್ದರೆ ಹೆರಿಗೆ ಯಾವ ವಾರಕ್ಕೆ? ಸಾಮಾನ್ಯವಾಗಿ ತೀವ್ರ ಲಕ್ಷಣಗಳಿಲ್ಲದ ಪ್ರಿಎಕ್ಲಾಂಪ್ಸಿಯಾ ಇದ್ದರೆ 37 ವಾರ ತುಂಬಿದ ಮೇಲೆ ಕಾಯುವುದಿಲ್ಲ. ತೀವ್ರವಾಗಿದ್ದರೆ 34 ವಾರದ ನಂತರ ಕಾಯುವುದಿಲ್ಲ, ತಾಯಿಯ ಜೀವಕ್ಕೆ ಅಪಾಯ ಕಂಡರೆ ಅದಕ್ಕೂ ಮುಂಚೆಯೇ. ಮಾಸು ಹೊರಗೆ ಬಂದಲ್ಲದೆ ಈ ರೋಗ ವಾಸಿಯಾಗದು, ಬಿಪಿ ಮಾತ್ರೆ ಬರೀ ಸಮಯ ಕೊಡುತ್ತದೆ. ಬೇಗ ಹೆರಿಗೆ ಆಗುವ ಹಾಗಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಯಾವಾಗ? ಅದರ ಪೂರ್ತಿ ಲಾಭ ಸಿಗುವುದು ಕೊಟ್ಟ ಏಳು ದಿನದೊಳಗೆ ಹೆರಿಗೆಯಾದರೆ. ‘ಮುಂಚೆಯೇ ಕೊಟ್ಟುಬಿಡಿ’ ಎಂದು ಕೇಳಿದರೂ ನಾವು ಒಪ್ಪದಿರುವುದು ಅದಕ್ಕೆ. ಈ ಆಸ್ಪತ್ರೆಯಲ್ಲಿ ಎಷ್ಟು ವಾರದ ಮಗುವನ್ನು ನೋಡಿಕೊಳ್ಳಬಲ್ಲರು? ಆಗದಿದ್ದರೆ ಎಲ್ಲಿಗೆ? ಹುಟ್ಟಿದ ಮಗುವನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ, ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸೇರಿಸುವುದು ಎಷ್ಟೋ ಮೇಲು.

ಇನ್ನೊಂದು ವಿಷಯ ಮೊದಲೇ ಹೇಳಿಟ್ಟರೆ ಆಗ ಗಾಬರಿ ಆಗುವುದಿಲ್ಲ. ಬಿಪಿ ಬಹಳ ಏರಿದವರಿಗೆ ಫಿಟ್ಸ್ ಬರದಿರಲೆಂದು ಮೆಗ್ನೀಸಿಯಂ ಸಲ್ಫೇಟ್ ಡ್ರಿಪ್ ಕೊಡುತ್ತೇವೆ. 2002ರಲ್ಲಿ ಪ್ರಕಟವಾದ, ಸುಮಾರು ಹತ್ತು ಸಾವಿರ ಹೆಂಗಸರು ಪಾಲುಗೊಂಡ ಮ್ಯಾಗ್‌ಪೈ ಅಧ್ಯಯನದಲ್ಲಿ ಅದು ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಆದರೆ ಡ್ರಿಪ್ ಶುರುವಾದ ಕೂಡಲೇ ಮೈಯೆಲ್ಲ ಬೆಂಕಿ ಹೊತ್ತಿದ ಹಾಗೆ ಬಿಸಿಯಾಗುತ್ತದೆ, ಮಂಪರು ಬರುತ್ತದೆ, ಮಾತು ತೊದಲಿದಂತೆ ಅನಿಸಬಹುದು. ಪಕ್ಕದಲ್ಲಿ ನಿಂತ ಗಂಡ ‘ಏನೋ ಆಗೋಯ್ತು’ ಎಂದು ಕಿರುಚುವುದು ಸಾಮಾನ್ಯ. ಸಿಸ್ಟರನ್ನು ಕರೆಯಿರಿ, ಅವರು ಮೊಣಕಾಲಿಗೆ ತಟ್ಟಿ, ಉಸಿರು ಎಣಿಸಿ ಎಲ್ಲ ಸರಿಯಿದೆಯೇ ನೋಡುತ್ತಾರೆ. ನೀವು ಒದ್ದೆ ಬಟ್ಟೆಯಿಂದ ಹಣೆ ಒರೆಸಿ.

ನೆಂಟರ ಫೋನು ನಿಮಗೆ ಬರಲಿ. ಆದರೆ ಹೆಂಡತಿಯ ಮೈಯ ಸಮಾಚಾರ ಯಾರಿಗೆ ಎಷ್ಟು ಹೇಳಬೇಕು ಎಂದು ಅವರನ್ನೇ ಕೇಳಿ ಹೇಳಿ. ನೀವು ಬರೆದಿಟ್ಟ ಬಿಪಿಯ ಪಟ್ಟಿ ಮನೆಯ ವಾಟ್ಸಾಪ್ ಗುಂಪಿಗೆ ಹೋಗಿಲ್ಲ ಎಂದುಕೊಳ್ಳುತ್ತೇನೆ.

ಗಂಡ ಹೆಂಡತಿ ಕೂಡುವ ವಿಷಯ ನೀವು ಕೇಳಿಲ್ಲ, ಎಲ್ಲರೂ ಕೇಳಲು ಸಂಕೋಚಪಡುತ್ತಾರೆ. ಮಾಸು ಅಡ್ಡವಿದ್ದರೆ, ರಕ್ತ ಹೋಗುತ್ತಿದ್ದರೆ, ನೀರು ಒಡೆದಿದ್ದರೆ ಕೂಡದು. ಬರೀ ಬಿಪಿ ಇದ್ದರೆ ಸಾಮಾನ್ಯವಾಗಿ ತಡೆಯಿಲ್ಲ, ಆದರೂ ನಿಮ್ಮ ಡಾಕ್ಟರನ್ನು ಕೇಳಿ. ಅದು ಬೇಡವೆಂದಾದರೂ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಈಗ ನೀವು ಅವರ ತೋಳು ಮುಟ್ಟುವುದು ಪಟ್ಟಿ ಕಟ್ಟಲಿಕ್ಕೆ ಮಾತ್ರ. ಅವರು ಅಂದದ್ದು ಬಹುಶಃ ಅದನ್ನೇ.

ಹೋದ ಸಲದ ಆ ರಾತ್ರಿಯ ಬಗ್ಗೆ ನೀವಿಬ್ಬರೂ ಎಂದಾದರೂ ಕೂತು ಮಾತಾಡಿದ್ದೀರಾ? ಬಹಳ ದಂಪತಿಗಳು ಮಾತಾಡಿರುವುದಿಲ್ಲ. ಮಗು ಬದುಕಿತು, ಮನೆಗೆ ಬಂತು, ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಮುಚ್ಚಿಟ್ಟುಬಿಡುತ್ತಾರೆ. ಅವರಿಗೆ ಅದು ದೀಪಗಳ ಕೆಳಗೆ ಮಲಗಿದ್ದ ನೆನಪು, ನಿಮಗೆ ಮುಚ್ಚಿದ ಬಾಗಿಲಿನ ಹೊರಗೆ ನಿಂತ ನೆನಪು. ಒಂದೇ ರಾತ್ರಿ, ಇಬ್ಬರಿಗೂ ಬೇರೆ ಬೇರೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ನೀವು ಆರು ಸಲ ಬಿಪಿ ನೋಡುವುದರ ಹಿಂದೆ ಆ ಬಾಗಿಲೇ ಇದೆ ಎಂದು ನನ್ನ ಊಹೆ. ಅದನ್ನು ಅವರಿಗೆ ಹೇಳಿ. ಹಳೆಯ ಡಿಸ್ಚಾರ್ಜ್ ಸಮ್ಮರಿ ಇಟ್ಟುಕೊಂಡು, ಅಂದು ಏನೇನು ಯಾಕೆ ಮಾಡಿದರು ಎಂದು ಈಗಿನ ಡಾಕ್ಟರಿಂದ ವಿವರಿಸಿ ಹೇಳಿಸಿಕೊಂಡರೆ ಇಬ್ಬರಿಗೂ ಒಳ್ಳೆಯದು.

ನಿಮ್ಮ ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಂಡತಿಯ ಬಸಿರು, ಬಾಣಂತನದ ಕಾಲದಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಗಂಡಸು ಖಿನ್ನತೆಗೆ ಬೀಳುತ್ತಾನೆ. ಗಂಡಸರಲ್ಲಿ ಅದು ಅಳುವಿನ ರೂಪದಲ್ಲಿ ಬರುವುದು ಕಡಿಮೆ. ಸಿಡುಕು, ಕೆಲಸದಲ್ಲಿ ಮುಳುಗುವುದು, ಕುಡಿತ, ಅಥವಾ ನಿಮ್ಮ ಹಾಗೆ ಲೆಕ್ಕದ ಮೇಲೆ ಲೆಕ್ಕ ಇಡುವುದು. ಎರಡು ವಾರ ಮೀರಿ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ನೀವೂ ಒಬ್ಬ ಡಾಕ್ಟರನ್ನು ಕಾಣಬೇಕು. ನಿಮ್ಮ ಹೆಂಡತಿಯಲ್ಲಿಯೂ ಗಮನಿಸಿ: ದಿನವಿಡೀ ಮಂಕು, ಎಲ್ಲಕ್ಕೂ ತನ್ನದೇ ತಪ್ಪೆನ್ನುವುದು, ಮಗುವಿನ ಮಾತೇ ಬೇಡ ಎನ್ನುವುದು. ಖಿನ್ನತೆಯನ್ನು ಗುರುತಿಸುವ, ಎಡಿನ್‌ಬರೋ ಪಟ್ಟಿ ಎಂಬ ಹತ್ತು ಪ್ರಶ್ನೆಗಳ ಪರೀಕ್ಷೆ 1987ರಿಂದ ಬಳಕೆಯಲ್ಲಿದೆ, ಆಸ್ಪತ್ರೆಯಲ್ಲಿ ಕೇಳಿದರೆ ಐದು ನಿಮಿಷದ ಕೆಲಸ. ಸಾಯಬೇಕೆನ್ನುವ ಮಾತು ನಿಮ್ಮಿಬ್ಬರಲ್ಲಿ ಯಾರ ಬಾಯಿಂದ ಬಂದರೂ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು, ಅಲ್ಲಿಯವರೆಗೆ ಅವರನ್ನು ಒಬ್ಬರೇ ಬಿಡಬಾರದು.

ಮಗಳಿಗೆ ಏನು ಹೇಳುವುದು ಎಂಬುದನ್ನೂ ಈಗಲೇ ಯೋಚಿಸಿ. ನಾಲ್ಕು ವರ್ಷದ ಮಗುವಿಗೆ ‘ಅಮ್ಮನಿಗೆ ಬಿಪಿ ಜಾಸ್ತಿ, ಡಾಕ್ಟರು ನೋಡ್ಕೊಳ್ತಿದ್ದಾರೆ. ಒಂದು ರಾತ್ರಿ ನೀನು ಎದ್ದಾಗ ನಾವಿಬ್ಬರೂ ಇಲ್ಲದೆ ಇರಬಹುದು, ಆಗ ಅಜ್ಜಿ ಇರ್ತಾರೆ’ ಎಂದರೆ ಅರ್ಥವಾಗುತ್ತದೆ. ಅಮ್ಮನ ಹೊಟ್ಟೆಯ ಮೇಲೆ ಕುಣಿದದ್ದರಿಂದ ಹೀಗಾಯಿತು ಎಂದು ಅವಳು ಒಳಗೊಳಗೇ ನಂಬಿಕೊಂಡಿರಬಹುದು. ಹಾಗಲ್ಲ ಎಂದು ಬಾಯಿಬಿಟ್ಟು ಹೇಳಿ.

ಹೆರಿಗೆ ಮತ್ತೆ ಬೇಗ ಆಗಿಬಿಟ್ಟರೆ, ಆಗ ಎದುರಾಗುವ ಒಂದು ಪ್ರಶ್ನೆಗೆ ಇಂದೇ ಹೆಂಡತಿಯಿಂದ ಉತ್ತರ ಪಡೆಯಿರಿ: ಮಗುವನ್ನು ಎನ್‌ಐಸಿಯುಗೆ ಒಯ್ದರೆ ನೀವು ಮಗುವಿನ ಹಿಂದೆ ಹೋಗಬೇಕೋ, ಅವರ ಹತ್ತಿರ ಇರಬೇಕೋ? ಕೆಲವರು ‘ಮಗು ಬಿಟ್ಟು ಕದಲಬೇಡಿ’ ಎನ್ನುತ್ತಾರೆ, ಕೆಲವರಿಗೆ ಒಬ್ಬರೇ ಉಳಿಯುವುದೇ ಭಯ. ಆ ಹೊತ್ತಿನಲ್ಲಿ ನೀವು ಊಹಿಸಬಾರದು. ಮೊದಲ ಕೆಲವು ಗಂಟೆಗಳಲ್ಲೇ ಎದೆಹಾಲು ಹಿಂಡಿ ತೆಗೆಯಲು ಶುರು ಮಾಡಬೇಕು, ದಿನಕ್ಕೆ ಎಂಟು ಸಲದ ಹಾಗೆ, ರಾತ್ರಿಯೂ ಸೇರಿ. ಹನಿ ಬಂದರೂ ಸಾಕು. ಹಿಂಡುವುದು ಅವರ ಕೆಲಸ; ಅಲಾರಂ ಇಡುವುದು, ಪಂಪ್ ತೊಳೆದು ಕುದಿಸುವುದು, ಚೀಟಿ ಅಂಟಿಸಿ ಹಾಲನ್ನು ಎನ್‌ಐಸಿಯುಗೆ ತಲುಪಿಸುವುದು ನಿಮ್ಮದು. ಮಗು ಸ್ಥಿರವಾದ ಮೇಲೆ ಬರಿ ಎದೆಗೆ ಅವುಚಿಕೊಳ್ಳುವ ಕಾಂಗರೂ ಆರೈಕೆ ಅಪ್ಪನೂ ಮಾಡಬಹುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಡಾಕ್ಟರುಗಳು ಕಂಡುಕೊಂಡ ದಾರಿ ಅದು, ಇಂದು ಲೋಕದಾದ್ಯಂತ ಇದೆ. ಹೋದ ಸಲ ನಿಮಗೆ ಯಾರೂ ಹೇಳಿರದಿದ್ದರೆ ಈ ಸಲ ನೀವೇ ಕೇಳಿ ಪಡೆಯಿರಿ.

ಹೆರಿಗೆಯಾದ ಕೂಡಲೇ ಎಲ್ಲರ ಕಣ್ಣೂ ಮಗುವಿನ ಮೇಲೆ ಹೋಗುತ್ತದೆ, ಡಾಕ್ಟರುಗಳದೂ ಸೇರಿ. ಆದರೆ ಬಿಪಿ ಅತಿ ಹೆಚ್ಚು ಏರುವುದು ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ, ಅಂದರೆ ಬಹುತೇಕ ಮನೆಗೆ ಬಂದ ಮೇಲೆ. ಬಸಿರಿನಲ್ಲಿ ಬಾರದ ಪ್ರಿಎಕ್ಲಾಂಪ್ಸಿಯಾ ಬಾಣಂತನದಲ್ಲಿ, ಆರು ವಾರದೊಳಗೆ ಬರುವುದೂ ಉಂಟು. ನಾನು ಮೇಲೆ ಹೇಳಿದ ತಲೆನೋವು, ಕಣ್ಣಿನ ಮಿಂಚು, ಮೇಲ್ಹೊಟ್ಟೆಯ ನೋವು ಆಗಲೂ ಅಷ್ಟೇ ತುರ್ತು. ‘ನಿದ್ದೆಗೆಟ್ಟು ತಲೆ ನೋಯ್ತಿದೆ’ ಎಂದು ಅವರೇ ತಳ್ಳಿಹಾಕುತ್ತಾರೆ, ನೀವು ತಳ್ಳಿಹಾಕಬೇಡಿ. ಆದ್ದರಿಂದ ಮಗು ಬಂದ ಸಂಭ್ರಮದಲ್ಲಿ ಬಿಪಿ ಮಿಷನನ್ನು ಅಟ್ಟಕ್ಕೆ ಹಾಕದೆ ಆರು ವಾರ ಕಪಾಟಿನಲ್ಲೇ ಇಡಿ. ಆಮೇಲೂ ವರ್ಷಕ್ಕೊಮ್ಮೆ ಅವರ ಬಿಪಿ ನೋಡಿಸಬೇಕು, ಏಕೆಂದರೆ ಇದು ಒಮ್ಮೆ ಬಂದವರಿಗೆ ಮುಂದೆ ಬಿಪಿ ಮತ್ತು ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆ ತಾರೀಖನ್ನು ಈಗಲೇ ನಿಮ್ಮ ಫೋನಿಗೆ ಹಾಕಿಕೊಳ್ಳಿ. ಅವರಿಗೆ ಆಗ ಎರಡು ಮಕ್ಕಳಿರುತ್ತವೆ, ಅದು ನೆನಪಿರುವುದಿಲ್ಲ.